ಸ್ನೋಬೋರ್ಡ್ ತಿರುವಿನ ಲಯ ಸರಿಹೋದದ್ದು ಹೀಗೆ

ನನ್ನ ಹೀಲ್‌ಸೈಡ್ (ಬೋರ್ಡ್‌ನ ಹಿಮ್ಮಡಿ ಕಡೆಯ ಅಂಚಿನ ಮೇಲಿನ) ತಿರುವು ಎಳೆದಾಡುತ್ತಿತ್ತು, ಟೋಸೈಡ್ (ಕಾಲ್ಬೆರಳ ಕಡೆಯ ಅಂಚಿನ ಮೇಲಿನ) ತಿರುವು ಗಡಿಬಿಡಿಯಲ್ಲಿ ಮುಗಿಯುತ್ತಿತ್ತು. ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟ್‌ನಿಂದ ಕೆಳಗೆ ನೋಡಿದರೆ ಹಿಮದ ಮೇಲಿನ ಗೆರೆಯಲ್ಲೇ ಅದು ಕಾಣುತ್ತಿತ್ತು.

ಕೆಲಸಕ್ಕೆ ಬಂದದ್ದು ಎಣಿಕೆ. ಇಳಿಜಾರು ಕಡಿಮೆ ಇರುವ ಅಗಲವಾದ ಜಾಗದಲ್ಲಿ ಜೋರಾಗಿ ಎಣಿಸುತ್ತಾ ಇಳಿದೆ. ಒಂದಕ್ಕೆ ಅಂಚು ಬದಲು, ಎರಡಕ್ಕೆ ಬೋರ್ಡ್‌ನ ಮೂತಿ ನೇರ ಕೆಳಕ್ಕೆ, ಮೂರು ನಾಲ್ಕಕ್ಕೆ ತಿರುವು ಪೂರ್ತಿ. ಎರಡೂ ಕಡೆಗೆ ಅಷ್ಟೇ ಎಣಿಕೆ. ಪಕ್ಕದವರು ನಕ್ಕರೆ ನಗಲಿ! ಟೋಸೈಡ್ ಅವಸರದ ಕಾರಣ ಇಲ್ಲೇ ಸಿಕ್ಕಿತು. ಮೂತಿ ಕೆಳಕ್ಕೆ ತಿರುಗಿದ ಕೂಡಲೇ ಹೆದರಿಕೆಗೆ ಹಿಂಗಾಲು ಬೋರ್ಡನ್ನು ತಳ್ಳಿಬಿಡುತ್ತಿತ್ತು.

ಅದಕ್ಕೆ ಗಾರ್ಲೆಂಡ್ ಡ್ರಿಲ್ ಒಳ್ಳೆ ಮದ್ದು. ಒಂದೇ ಅಂಚಿನ ಮೇಲೆ ಇಳಿಜಾರಿಗೆ ಅಡ್ಡ ಹೋಗುತ್ತಾ, ಮುಂಗಾಲಿಗೆ ಭಾರ ಹಾಕಿ ಮೂತಿಯನ್ನು ಸ್ವಲ್ಪ ಕೆಳಕ್ಕೆ ಬಿಡುವುದು, ಮತ್ತೆ ಅಡ್ಡಕ್ಕೆ ತರುವುದು. ಅಂಚು ಬದಲಿಸುವಂತಿಲ್ಲ. ಆಮೇಲೆ ಮಂಡಿ: ಅಂಚು ಬದಲಿಸುವಾಗ ತುಸು ಏಳುವುದು, ತಿರುವಿನುದ್ದಕ್ಕೂ ನಿಧಾನವಾಗಿ ಕುಗ್ಗುವುದು.

ನೋಟ ಮಾತ್ರ ಮುಂದಿನ ತಿರುವಿನ ಕಡೆ ಇರಬೇಕು, ಬೋರ್ಡ್ ಮೇಲಲ್ಲ.

ಈಗ ಎರಡೇ ಎಣಿಕೆಗೆ ಚಿಕ್ಕ ತಿರುವು ಹಾಕುತ್ತೇನೆ. ಕಡಿದಾದ ಕಡೆ ಲೆಕ್ಕ ಇನ್ನೂ ತಪ್ಪುತ್ತದೆ. ಆಗ ಸುಮ್ನೆ ನಾಲ್ಕಕ್ಕೇ ವಾಪಸ್ ಬರುತ್ತೇನೆ.