‘ಬೆಂಕಿ’ ಅಂದರೆ ಐದು ಅಕ್ಷರ! ಆಫೀಸಿನ ತುರ್ತು ಮೆಸೇಜ್ ವ್ಯವಸ್ಥೆ ಹೀಗೆ ಮಾಡಿ

2023ರ ಅಕ್ಟೋಬರ್ 12ರಂದು ರಾಜ್ಯದಲ್ಲಿ ಎಷ್ಟೋ ಜನರ ಮೊಬೈಲ್ ಒಮ್ಮೆಲೇ ಕಿರುಚಿಕೊಂಡಿದ್ದು ನೆನಪಿದೆ ಅಲ್ವಾ? ಅದು ಸರ್ಕಾರದ ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಅದಕ್ಕೆ ಯಾರ ನಂಬರೂ ಬೇಕಿಲ್ಲ, ಟವರ್ ಸಾಕು. ಆಫೀಸು, ಕಾಲೇಜು, ಫ್ಯಾಕ್ಟರಿಗೆ ಆ ಅನುಕೂಲ ಇಲ್ಲ. ಪಟ್ಟಿ ಮಾಡಿಕೊಂಡು ಸಾಫ್ಟ್‌ವೇರ್‌ನಿಂದಲೇ ಕಳಿಸಬೇಕು.

ಮೊದಲು ಪಟ್ಟಿ

ಈಗಿನ ಸಾಫ್ಟ್‌ವೇರ್‌ಗಳನ್ನು ಎಚ್‌ಆರ್ ದಾಖಲೆಗೆ ಜೋಡಿಸಬಹುದು. ಕೆಲಸಕ್ಕೆ ಸೇರಿದವರ ನಂಬರ್ ತಾನಾಗಿ ಸೇರುತ್ತದೆ, ಬಿಟ್ಟವರದು ಹೋಗುತ್ತದೆ. ಆದರೆ ಸೆಕ್ಯುರಿಟಿ, ಕ್ಯಾಂಟೀನ್, ಹೌಸ್‌ಕೀಪಿಂಗ್‌ನವರು ಗುತ್ತಿಗೆಯವರು, ಆ ದಾಖಲೆಯಲ್ಲೇ ಇರುವುದಿಲ್ಲ. ಒಂದು ಆಫೀಸಿನ ಡ್ರಿಲ್‌ನಲ್ಲಿ ನಾನೂ ಇದ್ದೆ. ನಾವೆಲ್ಲ ಕೆಳಗೆ ಬಂದು ಹತ್ತು ನಿಮಿಷ ಆದ ಮೇಲೂ ಹೌಸ್‌ಕೀಪಿಂಗ್‌ನ ಅಕ್ಕ ಒಬ್ಬರು ನಾಲ್ಕನೇ ಮಹಡಿಯಲ್ಲಿ ನೆಲ ಒರೆಸುತ್ತಿದ್ದರು. ಅವರಿಗೆ ಮೆಸೇಜೇ ಹೋಗಿರಲಿಲ್ಲ. ಇವರ ನಂಬರ್‌ಗಳನ್ನು ಕೈಯಾರೆ ಸೇರಿಸಿ.

ಆಮೇಲೆ ಒಕ್ಕಣೆ

ಜಾಸ್ತಿ ಸಮಯ ಇಲ್ಲೇ ಕೊಡಿ. ಇಂಗ್ಲಿಷ್‌ನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ. ಕನ್ನಡದಲ್ಲಿ ಬರೀ 70. ಅದರಲ್ಲೂ ಗುಣಿತ, ಸೊನ್ನೆ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ನಮ್ಮ ಕಣ್ಣಿಗೆ ‘ಬೆಂಕಿ’ ಎರಡಕ್ಷರ, ಎಸ್ಸೆಮ್ಮೆಸ್‌ಗೆ ಐದು. ಹಾಗಾಗಿ ಹೀಗೆ ಬರೆಯಿರಿ:

‘3ನೇ ಮಹಡಿಯಲ್ಲಿ ಬೆಂಕಿ. ಲಿಫ್ಟ್ ಬೇಡ. ಮೆಟ್ಟಿಲಿಳಿದು ಗೇಟ್ 2ಕ್ಕೆ ಬನ್ನಿ.’

ಇದು 63. ಒಂದೇ ಎಸ್ಸೆಮ್ಮೆಸ್‌ನಲ್ಲಿ ಮುಗಿಯಿತು.

ಈಗ ಮೆಸೇಜನ್ನು ಎಐ ಬರೆದುಕೊಡುತ್ತದೆ, ಕನ್ನಡಕ್ಕೂ ತಿರುಗಿಸುತ್ತದೆ. ಕರಡಿಗೆ ಪರವಾಗಿಲ್ಲ. ಆದರೆ ಅದು ‘ಕೂಡಲೇ ಸ್ಥಳಾಂತರಗೊಳ್ಳಿ’ ಅಂತ ಬರೆದರೆ ‘ಹೊರಗೆ ಬನ್ನಿ’ ಅಂತ ತಿದ್ದಿ. ಇನ್ನೊಂದು, ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ ಸಂಸ್ಥೆಗಳ ಎಸ್ಸೆಮ್ಮೆಸ್ ಒಕ್ಕಣೆ ಡಿಎಲ್‌ಟಿ ಪೋರ್ಟಲ್‌ನಲ್ಲಿ (ಇದಕ್ಕಾಗಿ ಮೊಬೈಲ್ ಕಂಪನಿಗಳು ನಡೆಸುವ ವೆಬ್‌ಸೈಟ್) ಮೊದಲೇ ನೋಂದಣಿ ಆಗಿರಬೇಕು. ಇಲ್ಲದಿದ್ದರೆ ಮಧ್ಯದಲ್ಲೇ ತಡೆ ಬೀಳುತ್ತದೆ. ಬೆಂಕಿ ಬಿದ್ದ ಮೇಲೆ ಎಐ ಎಷ್ಟು ಚೆನ್ನಾಗಿ ಬರೆದರೂ ಎಸ್ಸೆಮ್ಮೆಸ್ ಆಗಿ ಹೋಗುವುದಿಲ್ಲ. ಮಹಡಿ, ಗೇಟ್ ನಂಬರ್‌ಗೆ ಜಾಗ ಬಿಟ್ಟು ಉಳಿದದ್ದನ್ನು ಇವತ್ತೇ ನೋಂದಣಿ ಮಾಡಿಸಿ.

ಉತ್ತರ ಬರಬೇಕು

ಈ ಸಾಫ್ಟ್‌ವೇರ್‌ಗಳ ಹೊಸ ಸೌಲಭ್ಯಗಳಲ್ಲಿ ನನಗೆ ನಿಜಕ್ಕೂ ಉಪಯೋಗ ಅನಿಸಿದ್ದು ಇದು. ‘ಸೇಫ್ ಇದ್ದರೆ 1, ಸಹಾಯ ಬೇಕಿದ್ದರೆ 2 ಒತ್ತಿ’ ಅಂತ ಕೇಳುತ್ತದೆ. ಇಷ್ಟು ನಿಮಿಷದಲ್ಲಿ ಉತ್ತರ ಬರದಿದ್ದರೆ ತಾನೇ ಕಾಲ್ ಮಾಡುತ್ತದೆ. ಆಗಲೂ ಎತ್ತದಿದ್ದರೆ ಆ ಮಹಡಿಯ ಜವಾಬ್ದಾರಿ ಹೊತ್ತವರಿಗೆ ಹೆಸರು ಹೋಗುತ್ತದೆ. ಆ್ಯಪ್ ಒಂದನ್ನೇ ನಂಬಬೇಡಿ. ಕರೆಂಟ್ ಹೋದರೆ ವೈಫೈ ಕೂಡ ಹೋಗಬಹುದು.

ಬಟನ್ ಯಾರ ಕೈಯಲ್ಲಿ?

ಪ್ರತಿ ಶಿಫ್ಟ್‌ಗೂ ಇಬ್ಬರಿರಲಿ. ‘ಸುಳ್ಳು ಎಚ್ಚರಿಕೆ, ಗಾಬರಿ ಬೇಡ’ ಅನ್ನುವ ಒಕ್ಕಣೆಯೂ ರೆಡಿ ಇರಲಿ. 2018ರ ಜನವರಿ 13ರಂದು ಅಮೆರಿಕದ ಹವಾಯಿಯಲ್ಲಿ ಕ್ಷಿಪಣಿ ಬರುತ್ತಿದೆ ಅಂತ ಫೋನ್‌ಗಳಿಗೆ ತಪ್ಪು ಎಚ್ಚರಿಕೆ ಹೋಯಿತು. ಅದು ಸುಳ್ಳು ಅಂತ ಫೋನ್‌ಗಳಿಗೆ ತಿಳಿಸಲು 38 ನಿಮಿಷ ಹಿಡಿಯಿತು. ಹಾಗೆ ತಿಳಿಸುವ ಒಕ್ಕಣೆ ಮೊದಲೇ ಸಿದ್ಧವಿರಲಿಲ್ಲ.

ಕೊನೆಗೆ ಡ್ರಿಲ್

ಮೆಸೇಜ್ ‘ಡ್ರಿಲ್’ ಅನ್ನುವ ಪದದಿಂದಲೇ ಶುರುವಾಗಲಿ. ರಾತ್ರಿ ಪಾಳಿಯಲ್ಲೂ ಒಮ್ಮೆ ಮಾಡಿ. ಎಷ್ಟು ಜನ ಉತ್ತರ ಕೊಟ್ಟರು ಅನ್ನುವುದನ್ನು ಸುಮ್ನೆ ಬಾಸ್‌ಗೆ ಕಳಿಸಿ ಕೂರಬೇಡಿ. ಉತ್ತರ ಕೊಡದವರ ಹತ್ತಿರ ಹೋಗಿ ಫೋನ್ ತೋರಿಸಿ ಅನ್ನಿ. ಒಬ್ಬರದು ಸೈಲೆಂಟ್‌ನಲ್ಲಿರುತ್ತದೆ, ಇನ್ನೊಬ್ಬರು ಸಿಮ್ ಬದಲಾಯಿಸಿರುತ್ತಾರೆ. ಅಲ್ಲೇ ನಿಂತು ಸರಿಮಾಡಿ.