ಆಶುನಾಟಕಕ್ಕೆ ಧ್ವನಿ: ಕೀಲಿಮಣೆಯ ಮುಂದೆ ನಾನು ಕಲಿತದ್ದು

ಬರೆದಿಟ್ಟ ನಾಟಕಕ್ಕೆ ಧ್ವನಿ ನಿರ್ವಹಿಸುವವರ ಮುಂದೆ ಒಂದು ಪಟ್ಟಿ ಇರುತ್ತದೆ. ಮೊದಲು ಗುಡುಗು, ಅದರ ಹಿಂದೆಯೇ ಮಳೆ, ಆಮೇಲೆ ಬಾಗಿಲು ತಟ್ಟುವ ಸದ್ದು ಎಂದು ತಾಲೀಮಿನಲ್ಲೇ ಗೊತ್ತಾಗಿರುವುದರಿಂದ, ಗೊತ್ತಾದ ಮಾತು ಬಂದಾಗಲೆಲ್ಲ ಒಂದೇ ಗುಂಡಿಯನ್ನು ಒತ್ತುತ್ತ ಹೋದರೆ ಕೆಲಸ ನಡೆಯುತ್ತದೆ. ಬೆಂಗಳೂರಿನ ಹವ್ಯಾಸಿ ತಂಡಗಳಲ್ಲಿ ಹಲವು ವರ್ಷ ಈ ಕೆಲಸ ಮಾಡಿದ್ದ ನಾನು, ನಮ್ಮ ತಂಡ ಆಶುನಾಟಕವನ್ನು ಕೈಗೆತ್ತಿಕೊಂಡಾಗ ಅದೇ ಪಟ್ಟಿಯನ್ನು ಸ್ವಲ್ಪ ಉದ್ದ ಮಾಡಿಕೊಂಡು ಹೋಗಿ ಕುಳಿತೆ. ಪ್ರೇಕ್ಷಕರು ಒಂದು ಊರು, ಒಂದು ಸಂಬಂಧ, ಒಂದು ವಸ್ತುವನ್ನು ಸೂಚಿಸುತ್ತಾರೆ; ನಟರು ಅಲ್ಲಿಂದಲೇ ದೃಶ್ಯ ಕಟ್ಟುತ್ತಾರೆ. ಯಾವ ಸದ್ದು ಯಾವಾಗ ಬೇಕಾದೀತೆಂದು ಯಾರಿಗೂ ತಿಳಿದಿರುವುದಿಲ್ಲ.

ಮೊದಲ ಪ್ರಯೋಗದಲ್ಲೇ ಆ ಪಟ್ಟಿ ಕೈಕೊಟ್ಟಿತು. ನಟಿಯೊಬ್ಬರು ಕೊಡೆ ಬಿಡಿಸುವ ಅಭಿನಯ ಮಾಡಿದರು. ನಾಲ್ಕು ನೂರಕ್ಕೂ ಹೆಚ್ಚು ಕಡತಗಳ ನಡುವೆ ಮಳೆಯನ್ನು ಹುಡುಕಿ ನಾನು ಒತ್ತುವ ಹೊತ್ತಿಗೆ ದೃಶ್ಯ ಆಸ್ಪತ್ರೆಯ ವಾರ್ಡಿಗೆ ಸಾಗಿತ್ತು. ಅಪ್ಪನ ಹಾಸಿಗೆಯ ಪಕ್ಕದಲ್ಲಿ ಮಗಳು ಕುಳಿತಿದ್ದಾಗ ಜಡಿಮಳೆ ಸುರಿಯಿತು. ನಟಿ ಜಾಣತನದಿಂದ ಸೂರು ಸೋರುತ್ತಿದೆ ಎಂದು ಅದನ್ನು ಒಳಗೆ ತಂದುಕೊಂಡರು, ಪ್ರೇಕ್ಷಕರು ನಕ್ಕರು. ಆದರೆ ಆ ನಗುವಿನೊಂದಿಗೆ ಒಂದು ಒಳ್ಳೆಯ ದೃಶ್ಯ ತನ್ನ ದಾರಿ ಬಿಟ್ಟಿತು. ಆ ದಿನದಿಂದ ನನ್ನ ಮುಂದಿದ್ದ ಪ್ರಶ್ನೆ ಒಂದೇ: ಸದ್ದನ್ನು ನೆನೆದ ಕ್ಷಣಕ್ಕೂ ಅದು ಸ್ಪೀಕರಿನಿಂದ ಹೊರಡುವ ಕ್ಷಣಕ್ಕೂ ನಡುವಿನ ಹುಡುಕಾಟವನ್ನು ಇಲ್ಲವಾಗಿಸುವುದು ಹೇಗೆ?

ಇದಕ್ಕೆ ಪಟ್ಟಿಯ ಬದಲು ಹಲಗೆಯ ರೂಪದ ತಂತ್ರಾಂಶ ಬೇಕು, ಅಂದರೆ ಯಾವ ಸದ್ದನ್ನಾದರೂ ಯಾವ ಕ್ರಮದಲ್ಲಾದರೂ ಒಂದೇ ಒತ್ತಿಗೆ ಕೊಡುವಂಥದ್ದು. ಕ್ಯೂಲ್ಯಾಬ್ ಎಂಬ ತಂತ್ರಾಂಶ ಮ್ಯಾಕ್ ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತದೆ. ಅದರಲ್ಲಿ ಪಟ್ಟಿಯ ಜೊತೆಗೆ ಗುಂಡಿಗಳ ಚೌಕವನ್ನೂ ಮಾಡಿಕೊಳ್ಳಬಹುದು. ಲಿನಕ್ಸ್ ಶೋ ಪ್ಲೇಯರ್ ಮುಕ್ತ ತಂತ್ರಾಂಶ, ಅದರಲ್ಲೂ ಈ ಎರಡೂ ವಿನ್ಯಾಸಗಳಿವೆ. ಸೌಂಡ್‌ಪ್ಲಾಂಟ್ ಕಂಪ್ಯೂಟರಿನ ಕೀಲಿಮಣೆಯನ್ನೇ ವಾದ್ಯವಾಗಿಸುತ್ತದೆ, ಪ್ರತಿಯೊಂದು ಕೀಲಿಗೂ ಒಂದು ಸದ್ದನ್ನು ಕಟ್ಟಬಹುದು. ಪರದೆಯ ಮೇಲಿನ ಗುಂಡಿಗಳನ್ನು ಮೌಸ್‌ನಿಂದ ಒತ್ತುವ ಕ್ರಮವನ್ನು ನಾನು ಬಹುಬೇಗ ಬಿಟ್ಟೆ, ಏಕೆಂದರೆ ಮೌಸ್ ಹಿಡಿದರೆ ಕಣ್ಣು ಪರದೆಗೆ ಅಂಟುತ್ತದೆ, ನಟರು ಕಣ್ಣಿನಿಂದ ತಪ್ಪುತ್ತಾರೆ. ಕೀಲಿಮಣೆಯನ್ನಾದರೆ ಬೆರಳು ನೋಡದೆಯೇ ಹುಡುಕುತ್ತದೆ.

ಯಾವ ಕೀಲಿಗೆ ಯಾವ ಸದ್ದು ಎಂಬುದರಲ್ಲಿ ನನಗೆ ನೆರವಾದದ್ದು ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ. ಆ ವಿನ್ಯಾಸವಿರುವ ‘ನುಡಿ’ ತಂತ್ರಾಂಶದಲ್ಲಿ ವರ್ಷಗಟ್ಟಲೆ ಬೆರಳಚ್ಚಿಸಿದ್ದರಿಂದ ಆ ಅಕ್ಷರಗಳೆಲ್ಲ ಬೆರಳಿನಲ್ಲೇ ಕುಳಿತಿದ್ದವು. ಆದ್ದರಿಂದ ‘ಮ’ ಕೀಲಿಗೆ ಮಳೆ, ‘ಗ’ಕ್ಕೆ ಗುಡುಗು, ‘ಬ’ಕ್ಕೆ ಬಸ್ಸು, ‘ರ’ಕ್ಕೆ ರೈಲು, ‘ಸ’ಕ್ಕೆ ಸಂತೆ, ‘ಜ’ಕ್ಕೆ ಜೀರುಂಡೆ, ‘ಹ’ಕ್ಕೆ ಹಕ್ಕಿಗಳು ಎಂದು ಕಟ್ಟಿದೆ. ಟೆಲಿಫೋನ್ ಸದ್ದು ಅಕ್ಷರಗಳ ಮೇಲಿನ ಸಾಲಿನ ಮೊದಲ ಕೀಲಿಗೆ, ಡಂಗುರ ಅದರ ಪಕ್ಕದ್ದಕ್ಕೆ ಬಂದವು. ನುಡಿ ಬಳಸುವವರಿಗೆ ‘ಟ’ ಮತ್ತು ‘ಡ’ ಅಲ್ಲಿರುವುದು ಆಶ್ಚರ್ಯವಲ್ಲ. ಮಹಾಪ್ರಾಣಕ್ಕೆ ಬೇಕಾದ ಶಿಫ್ಟ್ ಕೀಲಿಯನ್ನು ಮಾತ್ರ ದೂರವಿಟ್ಟೆ, ಏಕೆಂದರೆ ನನ್ನ ಎಡಗೈ ಸದಾ ಮಿಕ್ಸರಿನಲ್ಲಿ ಸದ್ದನ್ನು ಏರಿಳಿಸುವ ಫೇಡರಿನ ಮೇಲಿರುತ್ತದೆ. ಅಂಕಿಗಳ ಸಾಲಿನಲ್ಲಿ ವಾದ್ಯಸಂಗೀತದ ಒಂಬತ್ತು ತುಣುಕುಗಳನ್ನು, ಎಡಗಡೆ ಅತಿ ಶಾಂತವಾದದ್ದು ಮತ್ತು ಬಲಕ್ಕೆ ಹೋದಂತೆ ಆತಂಕ ಹೆಚ್ಚುವಂಥದ್ದು ಬರುವಂತೆ, ಜೋಡಿಸಿದೆ. ಎಲ್ಲವೂ ಸೇರಿ ಮೂವತ್ತನಾಲ್ಕು ಸದ್ದುಗಳಾದವು. ನಾಲ್ಕು ನೂರರಿಂದ ಮೂವತ್ತನಾಲ್ಕಕ್ಕೆ ಇಳಿಸಲು ಮನಸ್ಸು ಸುಲಭವಾಗಿ ಒಪ್ಪಲಿಲ್ಲ. ಆದರೆ ಕೈಗೆ ಸಿಗದ ಸದ್ದು ಆಶುನಾಟಕದ ಮಟ್ಟಿಗೆ ಇಲ್ಲದ ಸದ್ದೇ ಎಂದು ನಾನು ದೃಢವಾಗಿ ನಂಬುತ್ತೇನೆ.

ಯಾವುದನ್ನು ಉಳಿಸಿಕೊಳ್ಳಬೇಕೆಂಬುದನ್ನು ಪ್ರಯೋಗಗಳೇ ಕಲಿಸಿದವು. ಬಾಗಿಲು, ಕಪಾಳಮೋಕ್ಷ, ಗಾಜು ಒಡೆಯುವುದು ಮುಂತಾದ ಒಂದೇ ಏಟಿನ ಸದ್ದುಗಳು ನಟರ ಕೈಚಲನೆಗೆ ಕೂದಲೆಳೆಯಷ್ಟು ತಡವಾದರೂ ಸುಳ್ಳೆನಿಸುತ್ತವೆ. ನಟರು ಬರಿಗೈಯಲ್ಲಿ ತೆರೆದ ಬಾಗಿಲನ್ನು ಪ್ರೇಕ್ಷಕರು ಆಗಲೇ ಕಂಡಿರುತ್ತಾರೆ. ದೃಶ್ಯಕ್ಕೆ ನಿಜವಾಗಿ ನೆಲ ಹಾಸುವುದು ಸಂತೆ, ಮಳೆ, ರಾತ್ರಿಯ ಜೀರುಂಡೆ, ಬಸ್ ನಿಲ್ದಾಣ ಇಂಥ ಹಿನ್ನೆಲೆಗಳು. ಇವು ಎರಡು ಸೆಕೆಂಡು ತಡವಾಗಿ ಮೆಲ್ಲಗೆ ಏರಿದರೂ ಸಹಜವಾಗಿಯೇ ಇರುತ್ತವೆ.

ತಡವಾಗುವುದಕ್ಕೆ ಯಂತ್ರದ ಕಾರಣಗಳೂ ಇವೆ, ಅವನ್ನು ನಿರ್ದಾಕ್ಷಿಣ್ಯವಾಗಿ ಕಳೆಯಬೇಕು. ಸೆಕೆಂಡಿಗೆ 44,100 ಮಾದರಿಗಳ ಧ್ವನಿಯಲ್ಲಿ ಬಫರ್, ಅಂದರೆ ಸದ್ದನ್ನು ಹೊರಬಿಡುವ ಮುನ್ನ ಯಂತ್ರ ಕೂಡಿಸಿಟ್ಟುಕೊಳ್ಳುವ ಮಾದರಿಗಳ ಸಂಖ್ಯೆ, 256 ಇದ್ದರೆ ಅದರಿಂದಾಗುವ ವಿಳಂಬ ಸುಮಾರು 6 ಮಿಲಿಸೆಕೆಂಡು, ಅದು ಯಾರ ಕಿವಿಗೂ ತಿಳಿಯುವುದಿಲ್ಲ. ಬ್ಲೂಟೂತ್ ಸ್ಪೀಕರ್ ಬಳಸಿದರೆ ವಿಳಂಬ ಸಾಮಾನ್ಯವಾಗಿ 100 ಮಿಲಿಸೆಕೆಂಡನ್ನು ದಾಟುತ್ತದೆ. ಹಾಗಾಗಿ ತಂತಿಯ ಸಂಪರ್ಕವಿಲ್ಲದ ಸಭಾಂಗಣಕ್ಕೆ ನಾನು ನನ್ನದೇ ತಂತಿ ಒಯ್ಯುತ್ತೇನೆ. ಎಂಪಿ3 ಕಡತಗಳ ಆರಂಭದಲ್ಲಿ ಸಂಕೋಚನದ ವಿಧಾನದಿಂದಾಗಿಯೇ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ಆದ್ದರಿಂದ ಎಲ್ಲವನ್ನೂ ಸಂಕೋಚನವಿಲ್ಲದ ಡಬ್ಲ್ಯೂಎವಿ ರೂಪದಲ್ಲಿಟ್ಟು, ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದು, ಅಲೆ ಏಳುವ ಬಿಂದುವಿನವರೆಗೂ ಮುಂಭಾಗವನ್ನು ಕತ್ತರಿಸಿದೆ. ಒಂದು ನಿಮಿಷದ ಸ್ಟೀರಿಯೊ ಧ್ವನಿಗೆ ಸುಮಾರು 10 ಎಂಬಿ ಜಾಗ ಹಿಡಿಯುತ್ತದೆ, ಮೂವತ್ತನಾಲ್ಕು ಸದ್ದುಗಳಿಗೆ ಅದು ದೊಡ್ಡ ಮಾತಲ್ಲ. ಸದ್ದುಗಳ ಪ್ರಮಾಣವನ್ನೂ ಅಲ್ಲಿಯೇ ಸಮ ಮಾಡಿಕೊಂಡೆ. ನಮ್ಮ ನಟರಿಗೆ ಮೈಕ್ ಇರುವುದಿಲ್ಲವಾದ್ದರಿಂದ, ತಂಡದಲ್ಲಿ ಅತಿ ಮೆಲ್ಲಗೆ ಮಾತನಾಡುವ ನಟರನ್ನು ರಂಗದ ಮೇಲೆ ನಿಲ್ಲಿಸಿ, ಅವರ ಮಾತು ಕೊನೆಯ ಸಾಲಿಗೆ ಕೇಳುವಷ್ಟಕ್ಕೆ ಮಳೆಯ ಮಿತಿಯನ್ನು ಗೊತ್ತುಮಾಡಿದೆವು.

ಮೊದಮೊದಲು ಸದ್ದುಗಳನ್ನು ಫ್ರೀಸೌಂಡ್ ಸಂಗ್ರಹದಿಂದ ಪಡೆಯುತ್ತಿದ್ದೆ. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದವರು 2005ರಲ್ಲಿ ಆರಂಭಿಸಿದ ಈ ಸಂಗ್ರಹ ದೊಡ್ಡ ಉಪಕಾರ. ಪ್ರತಿ ಧ್ವನಿಗೂ ಬೇರೆ ಬೇರೆ ಪರವಾನಗಿ ಇರುವುದರಿಂದ ಟಿಕೆಟ್ ಇಟ್ಟು ಪ್ರಯೋಗ ಮಾಡುವವರು ವಾಣಿಜ್ಯ ಬಳಕೆಗೆ ಅನುಮತಿ ಉಂಟೇ ಎಂದು ಓದಿಕೊಳ್ಳಬೇಕು. ಆದರೆ ಅಲ್ಲಿ ನನಗೆ ಸಿಕ್ಕ ಸಂತೆ ನಮ್ಮ ಸಂತೆಯಲ್ಲ, ಸಿಕ್ಕ ಮಳೆಯೂ ನಮ್ಮ ಹೆಂಚಿನ ಮೇಲೆ ಬಿದ್ದದ್ದಲ್ಲ. ಒಂದು ಸಣ್ಣ ರೆಕಾರ್ಡರ್ ಹಿಡಿದು ತಗಡಿನ ಮೇಲಿನ ಮಳೆ, ಹೆಂಚಿನ ಮೇಲಿನ ಮಳೆ, ಕುಕ್ಕರಿನ ಕೂಗು, ಆಟೋದ ಎಂಜಿನ್, ಸಾರಿಗೆ ಬಸ್ಸಿನ ಕಂಡಕ್ಟರ್ ಊದುವ ಸೀಟಿ, ಇವನ್ನೆಲ್ಲ ನಾನೇ ಸೆರೆಹಿಡಿದು ತಂದೆ. ಪ್ರೇಕ್ಷಕರಲ್ಲಿ ಆದ ಬದಲಾವಣೆ ಎದ್ದು ಕಾಣುತ್ತಿತ್ತು. ಕುಕ್ಕರ್ ಕೂಗಿದೊಡನೆ ಅದು ಯಾರ ಮನೆ, ಹೊತ್ತು ಎಷ್ಟು ಎಂಬುದು ಯಾರೂ ಹೇಳದೆಯೇ ಸ್ಥಾಪಿತವಾಗುತ್ತದೆ. ಸಿನಿಮಾ ಹಾಡುಗಳನ್ನು ನಾನು ಬಳಸುವುದಿಲ್ಲ. ಪರವಾನಗಿಯ ಮಾತು ಒಂದು ಕಡೆ. ಅದಕ್ಕಿಂತ ಮುಖ್ಯವಾಗಿ, ಪರಿಚಿತ ಹಾಡು ತನ್ನ ಕಥೆಯನ್ನು ತಾನೇ ಹೊತ್ತು ತಂದು, ಈಗಷ್ಟೇ ಹುಟ್ಟುತ್ತಿರುವ ಕಥೆಯನ್ನು ಅದುಮಿಬಿಡುತ್ತದೆ.

ಸದ್ದನ್ನು ಕೊಡುವುದಕ್ಕಿಂತ ಹಿಂತೆಗೆಯುವುದು ಕಷ್ಟ. ಒತ್ತಿದ ಕೀಲಿಯನ್ನೇ ಮತ್ತೆ ಒತ್ತಿದಾಗ ಸದ್ದು ಥಟ್ಟನೆ ನಿಲ್ಲದೆ ಕರಗುವಂತೆ ಹೊಂದಿಸಿಕೊಂಡಿದ್ದೇನೆ: ಮಳೆಗೆ 3 ಸೆಕೆಂಡು, ಸಂತೆಗೆ 2, ಸಂಗೀತಕ್ಕೆ 5. ಎಲ್ಲವೂ ಒಟ್ಟಿಗೆ ತಕ್ಷಣ ನಿಲ್ಲುವ ಒಂದು ಕೀಲಿಯನ್ನೂ ಬೆರಳು ತಪ್ಪಿ ತಾಗದಷ್ಟು ದೂರದ ಮೂಲೆಯಲ್ಲಿ ಇಟ್ಟಿದ್ದೇನೆ.

ತಾಳಮದ್ದಳೆ ನೋಡಿದವರಿಗೆ ಈ ಕೆಲಸದ ಮರ್ಮ ಬೇಗ ಅರ್ಥವಾಗುತ್ತದೆ. ಅಲ್ಲಿ ಭಾಗವತರ ಪದ್ಯಗಳು ಗೊತ್ತಾದವು, ಅರ್ಥಧಾರಿಗಳ ಮಾತು ಮಾತ್ರ ಆ ಹೊತ್ತಿನಲ್ಲೇ ಹುಟ್ಟುವಂಥದ್ದು. ಹಿಮ್ಮೇಳದವರು ಆ ಮಾತಿನ ಏರಿಳಿತವನ್ನು ಕಿವಿಗೊಟ್ಟು ಕೇಳುತ್ತ, ಅದು ತುದಿಗೆ ಬಂದದ್ದನ್ನು ಅರಿತು ಪದ್ಯವನ್ನು ಎತ್ತಿಕೊಳ್ಳುತ್ತಾರೆ. ಅವರು ಅರ್ಥಧಾರಿಗಳ ಜೊತೆಯಲ್ಲೇ ಕುಳಿತಿರುತ್ತಾರೆ. ಇದನ್ನು ಗಮನಿಸಿದ ಮೇಲೆ ನಾನು ಸಭಾಂಗಣದ ಹಿಂದಿನ ಕೋಣೆಯನ್ನು ಬಿಟ್ಟು, ನಟರ ಮುಖ ಮತ್ತು ಉಸಿರು ಕಾಣುವಂತೆ ರಂಗದ ಪಕ್ಕಕ್ಕೆ ಮೇಜು ಹಾಕಿಕೊಂಡೆ. ಕೆನಡಾದ ಕ್ಯಾಲ್ಗರಿಯಲ್ಲಿ ಆಶುನಾಟಕವನ್ನು ಬೆಳೆಸಿದ ಕೀತ್ ಜಾನ್‌ಸ್ಟನ್ ಅವರ ಪರಿಭಾಷೆಯಲ್ಲಿ, ಒಬ್ಬ ನಟ ಇನ್ನೊಬ್ಬರ ಮುಂದಿಡುವ ಪ್ರತಿಯೊಂದು ಸಂಗತಿಯೂ ಒಂದು ಆಫರ್. ಧ್ವನಿಯೂ ಆಫರ್ ಹೌದು, ಆದರೆ ಅದು ಎಲ್ಲರಿಗೂ ಏಕಕಾಲಕ್ಕೆ ಕೇಳುವುದರಿಂದ ನಟರು ಅದನ್ನು ಕೇಳಿಸದಂತೆ ಬಿಡಲಾರರು. ಹಾಗಾಗಿ ತಾಲೀಮಿನಲ್ಲಿ ನಾವೊಂದು ಒಪ್ಪಂದ ಮಾಡಿಕೊಂಡೆವು: ದೃಶ್ಯದ ಮೊದಲ ಮಾತು ಹುಟ್ಟುವ ಮುನ್ನ ನಾನು ಸ್ಥಳ ಸೂಚಿಸಬಹುದು, ಮಾತು ಶುರುವಾದ ಮೇಲೆ ನಟರು ಹೇಳಿದ್ದನ್ನು ಹಿಂಬಾಲಿಸಬೇಕೇ ಹೊರತು ಹೊಸದನ್ನು ಹೇರಬಾರದು. ಈಗ ಒಂದು ಗಂಟೆಯ ಪ್ರಯೋಗದಲ್ಲಿ ನಾನು ಹತ್ತು ಹನ್ನೆರಡು ಬಾರಿಗಿಂತ ಹೆಚ್ಚು ಕೀಲಿ ಒತ್ತುವುದಿಲ್ಲ.

ಈಚಿನ ಪ್ರಯೋಗವೊಂದರಲ್ಲಿ ಪ್ರೇಕ್ಷಕರು ‘ಅಕ್ಕ ತಮ್ಮ’ ಎಂದು ಸೂಚಿಸಿದರು. ಇಬ್ಬರೂ ಮಾತಿಲ್ಲದೆ ನೆಲದ ಮೇಲೆ ಕುಳಿತಿದ್ದರು. ನಾನು ನಿಂತ ಬಸ್ಸಿನ ಎಂಜಿನ್ ಸದ್ದನ್ನು ಬಹಳ ಮೆಲ್ಲಗೆ ಏರಿಸಿದೆ. ಅಕ್ಕ ತಮ್ಮನ ಅಂಗಿಯ ಗುಂಡಿ ಹಾಕತೊಡಗಿದರು. ಹಾಸ್ಟೆಲ್ಲಿನ ಊಟ, ಕಾಗದ ಬರೆಯುವುದು, ಅಮ್ಮನಿಗೆ ಹೇಳಬಾರದ ಒಂದು ವಿಷಯ, ಹೀಗೆ ಮಾತು ಸಾಗಿತು. ಬೆರಳು ಎರಡು ಸಲ ಸೀಟಿಯ ಕೀಲಿಯವರೆಗೆ ಹೋಗಿ ಹಿಂದೆ ಬಂತು. ತಮ್ಮ ಚೀಲದ ಹಿಡಿಯನ್ನು ಮುಟ್ಟಿದಾಗ ಸೀಟಿ ಊದಿಸಿದೆ, ಅವರು ಎದ್ದು ಹೋದರು, ಎಂಜಿನ್ ಸದ್ದನ್ನು ಕರಗಲು ಬಿಟ್ಟೆ. ಬೆಳಕಿನ ಮೇಜಿನಲ್ಲಿದ್ದವರು ಅದು ಪೂರ್ತಿ ಅಡಗುವವರೆಗೂ ಕಾದು, ಒಂಟಿಯಾಗಿ ಕುಳಿತ ಅಕ್ಕನ ಮೇಲಿನ ದೀಪವನ್ನು ಆಮೇಲೆ ಆರಿಸಿದರು. ಬಸ್ಸು ಇನ್ನೂ ಸ್ವಲ್ಪ ದೂರದವರೆಗೆ ಕೇಳಬೇಕಿತ್ತೆಂದು ನನಗೆ ಅನ್ನಿಸಿತು. ಆ ರಾತ್ರಿ ಮನೆಗೆ ಬಂದು, ಆ ಬಸ್ಸಿನ ಕೀಲಿಯ ಸದ್ದು ಕರಗುವ ಅವಧಿಯನ್ನು 5 ಸೆಕೆಂಡಿನಿಂದ 8ಕ್ಕೆ ಏರಿಸಿ ಉಳಿಸಿಟ್ಟೆ.