ಒಳಗೊಂದು ಕಳ್ಳ ಬಟ್ಟಲು: ನನ್ನ ಬಿಳಿ ಲೆಕಿಥೋಸ್

“ಸಾವಿನ ಚಿತ್ರವಿರುವ ಕುಡಿಕೆಯನ್ನು ಯಾರು ಕೊಳ್ಳುತ್ತಾರೆ? ಹೂಕುಂಡ ಮಾಡು” ಎಂದ ಗೆಳೆಯರಿಗೆ ತೋರಿಸಲು ಈಗ ನನ್ನ ಬಳಿ ನಾನೇ ಮಾಡಿದ ಮೂರು ಲೆಕಿಥೋಸ್‌ಗಳಿವೆ. ಕ್ರಿ.ಪೂ. 5ನೇ ಶತಮಾನದ ಅಥೆನ್ಸ್‌ನವರು ಎಣ್ಣೆ ತುಂಬಿ ಸಮಾಧಿಗೆ ಒಯ್ಯುತ್ತಿದ್ದ, ಬಿಳಿ ಮೈಯ, ಸಪೂರ ಕುತ್ತಿಗೆಯ ಕುಡಿಕೆಗಳ ಮಾದರಿಯವು.

ನನ್ನನ್ನು ಕಾಡಿದ್ದು ಒಳಗಿನ ಬಟ್ಟಲು. ದೊಡ್ಡ ಲೆಕಿಥೋಸ್‌ಗಳಲ್ಲಿ ಕೆಲವಕ್ಕೆ ಕುತ್ತಿಗೆಯಿಂದ ಒಳಕ್ಕೆ ಪುಟ್ಟ ಬಟ್ಟಲೊಂದನ್ನು ಇಳಿಬಿಟ್ಟಿರುತ್ತಾರೆ. ಸ್ವಲ್ಪವೇ ಎಣ್ಣೆ ಹಾಕಿದರೂ ಕುಡಿಕೆ ತುಂಬಿದಂತೆ ಕಾಣುತ್ತದೆ. ದುಃಖದಲ್ಲೂ ಲೆಕ್ಕ ತಪ್ಪದ ಜನ! ನಾನು ಮಾಡಿದ ಮೊದಲೆರಡು ಆವಿಗೆಯಲ್ಲಿ ಸಿಡಿದವು, ಪಕ್ಕದ ನಾಲ್ಕು ಪಾತ್ರೆಗಳನ್ನೂ ಒಡೆದವು. ಬಟ್ಟಲಿಗೂ ಹೊರಗೋಡೆಗೂ ನಡುವೆ ಸಿಕ್ಕಿಬಿದ್ದ ಗಾಳಿ ಹೋಗುವುದಾದರೂ ಎಲ್ಲಿಗೆ? ಮೂಲ ಕುಡಿಕೆಗಳ ಮೈಯಲ್ಲಿ ಅದಕ್ಕೆಂದೇ ಸಣ್ಣ ತೂತು ಇರುವುದು ಆಮೇಲೆ ಕಣ್ಣಿಗೆ ಬಿತ್ತು. ಬಟ್ಟಲನ್ನು ಬಿರುಕಿಲ್ಲದೆ ಕೂಡಿಸುವ ಬಗೆಯನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ.

ಬಿಳಿ ಲೇಪವೂ ಸತಾಯಿಸಿತು. ಒಣಗಿದ ಮೈಗೆ ಬಳಿದ ಕೆಯೋಲಿನ್ ಎಂಬ ಬಿಳಿ ಜೇಡಿ ಐದಾರು ಕುಡಿಕೆಗಳಲ್ಲಿ ಹಪ್ಪಳದಂತೆ ಎದ್ದಿತು. ಅರೆ ಒಣಗಿದಾಗ ತೆಳ್ಳಗೆ ಬಳಿದ ಮೇಲೆ ನಿಂತಿತು. ಬಾಯಿ, ಬುಡಗಳ ಕಪ್ಪಿಗೆ ಬೂದಿನೀರಿನಲ್ಲಿ ತಂಗಿಸಿದ ಮಣ್ಣಿನ ತಿಳಿ. ಸುಡುವಾಗ ಆವಿಗೆಗೆ ಮೊದಲು ಗಾಳಿ, ಸುಮಾರು 900 ಡಿಗ್ರಿಯಲ್ಲಿ ಹಸಿ ಸೊಪ್ಪು ತುರುಕಿ ಹೊಗೆ, ಕೊನೆಗೆ ಮತ್ತೆ ಗಾಳಿ. ಒಮ್ಮೆ ಗಾಳಿ ಬಿಡಲು ತಡಮಾಡಿ ಇಡೀ ಆವಿಗೆ ಇದ್ದಿಲಿನಂತಾಯಿತು. ಸೌದೆ, ಮಣ್ಣು ಎಲ್ಲ ಸೇರಿ ಹೆಚ್ಚುಕಡಿಮೆ 22,000 ರೂಪಾಯಿ ಕೈಬಿಟ್ಟಿತು.

ಚಿತ್ರ: ಸಮಾಧಿಕಲ್ಲಿಗೆ ಕಟ್ಟಲು ಪಟ್ಟಿಗಳನ್ನು ಬುಟ್ಟಿಯಲ್ಲಿ ತಂದ ಹೆಂಗಸು, ಕಲ್ಲಿನ ಆಚೆ ಸುಮ್ಮನೆ ನಿಂತ ಹುಡುಗ. ಅವನೇ ಸತ್ತವನೋ, ನೋಡಲು ಬಂದವನೋ ಎಂಬುದನ್ನು ಅಲ್ಲಿನ ಎಷ್ಟೋ ಚಿತ್ರಗಳಂತೆ ನಾನೂ ಬಿಡಿಸಿ ಹೇಳಿಲ್ಲ. ಇನ್ನೊಂದರಲ್ಲಿ ಸತ್ತವರನ್ನು ದಾಟಿಸಲು ದೋಣಿಯೊಡನೆ ಕಾಯುವ ಅಂಬಿಗ ಖಾರೋನ್. ಹೆಂಗಸಿನ ಉಡುಪಿಗೆ ಸೀರೆಯಂತೆ ನೆರಿಗೆ ಬರೆದು ಎರಡು ಬಾರಿ ಅಳಿಸಿದೆ. ಕೆಂಪು, ನೀಲಿಗಳನ್ನು ಸುಟ್ಟ ಮೇಲೆ ಹಚ್ಚಿದ್ದರಿಂದ ಮೊದಲ ದಿನವೇ ಬೆವರಿದ ಹೆಬ್ಬೆರಳಿಗೆ ಹೆಂಗಸಿನ ಮೇಲುಡುಗೆ ಅಂಟಿ ಬಂತು! ಮೂಲಗಳಲ್ಲಿ ಬಣ್ಣ ಏಕೆ ಉಳಿದಿಲ್ಲವೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ನಡುವೆ, ಅಥೆನ್ಸ್‌ನ ಇನ್ನೂ ಹಳೆಯ ಸಮಾಧಿ ಹೂಜಿಗಳ ಡಿಪಿಲಾನ್ ಶೈಲಿಯ ಹುಚ್ಚೂ ಹತ್ತಿತ್ತು. ಅಥೆನ್ಸ್‌ನ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಪೂ. 750ರ ಸುಮಾರಿನ ಆಳೆತ್ತರದ ಹೂಜಿಯಲ್ಲಿ ಶವದ ಸುತ್ತ ತಲೆಗೆ ಕೈ ಹಚ್ಚಿ ಅಳುವವರಿದ್ದಾರೆ. ತ್ರಿಕೋನದ ಎದೆ, ಮಡಚಿದ ಎರಡು ತೋಳು. ನನ್ನದೊಂದು ಬಟ್ಟಲಿನ ಸುತ್ತ ಅಳುವ ಹದಿನಾಲ್ಕು ಜನರನ್ನು ಒಂದೇ ಸಂಜೆಯಲ್ಲಿ ಬರೆದೆ. ಕೆಳಗಿನ ಅಂಕುಡೊಂಕು ಪಟ್ಟಿಯ ತುದಿಗಳು ಮಾತ್ರ ಕೊನೆಗೂ ಕೂಡಲಿಲ್ಲ.

ಅತ್ತೆಯವರು ಲೆಕಿಥೋಸ್‌ಗಳನ್ನು ಮನೆಯೊಳಗೆ ಸೇರಿಸಲಿಲ್ಲ. ಕೊಳ್ಳಲು ಬಂದವರೊಬ್ಬರು ಕೊಟ್ಟಿಗೆಯಲ್ಲೇ ಒಂದಕ್ಕೆ ಎಣ್ಣೆ ಸುರಿದು ನೋಡಿದರು: ಲೀಟರ್ ಹಿಡಿಯುವಂತೆ ಕಾಣುವ ಕುಡಿಕೆ, ಅರ್ಧ ಲೋಟಕ್ಕೇ ತುಂಬಿತು. ನಕ್ಕು, ಚೌಕಾಸಿ ಮಾಡದೆ 4,000 ಕೊಟ್ಟು ಒಯ್ದರು.